ಐಸಣ್ಣ ಕಾಪಾಡಿದ ಪೆಟ್ಟಿಗೆ

ತರಕಾರಿ ಹೆಪ್ಪುಗಟ್ಟಿಸಿ ಮಾರುವ ಆ ಕಾರ್ಖಾನೆಯಲ್ಲಿ ಐಸಣ್ಣನ ನಿಜವಾದ ಹೆಸರು ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿರುವ ಶೀತಕೋಣೆಗೆ ಅವನೇ ಯಜಮಾನ. ಒಳಗೆ ಹೋದವರ ಹುಬ್ಬಿನ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ಅವನು ಮಾತ್ರ ಮಾವನ ಮನೆಗೆ ಬಂದವನಂತೆ ಆರಾಮಾಗಿ ಓಡಾಡುತ್ತಿದ್ದ. ಕೆಡುವ ವಸ್ತು ಯಾವುದೇ ಇರಲಿ, ತಣ್ಣಗಿದ್ದಷ್ಟೂ ಕ್ಷೇಮ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಚಳಿಗಾಲದ ಫ್ಲೂ ಶುರುವಾಗುವ ಮೊದಲೇ ಕೆಲಸಗಾರರಿಗೆಲ್ಲ ಲಸಿಕೆ ಹಾಕಿಸಲು ಆಡಳಿತ ಏರ್ಪಾಡು ಮಾಡಿತು. ನರ್ಸ್ ಹಿಂದಿನ ಸಂಜೆಯೇ ಪೆಟ್ಟಿಗೆ ತಂದು, "ಬೆಳಿಗ್ಗೆ ಬರ್ತೀನಿ ಅಣ್ಣ, ಅಲ್ಲಿವರೆಗೆ ಫ್ರಿಜ್‌ನಲ್ಲಿಡಿ" ಎಂದು ಐಸಣ್ಣನ ಕೈಗೆ ಕೊಟ್ಟಳು. ಕ್ಯಾಂಟೀನಿನ ಫ್ರಿಜ್ ಅವನ ಮನಸ್ಸಿಗೆ ಒಪ್ಪಲಿಲ್ಲ. ಬಾಗಿಲಿನ ರಬ್ಬರ್ ಸಡಿಲ, ಒಳಗೆ ಯಾರದೋ ಹುಳಿ ಹಾಲು. ಅವನು ಪೆಟ್ಟಿಗೆಯನ್ನು ತನ್ನ ಕೋಣೆಗೆ ಒಯ್ದು, ತಂಪು ಚೆನ್ನಾಗಿ ತಾಗಲೆಂದು ಮುಚ್ಚಳ ತೆಗೆದು, ಬಟಾಣಿ ಚೀಲಗಳ ನಡುವೆ ಮಗುವನ್ನು ಮಲಗಿಸಿದಂತೆ ಇಟ್ಟ. ಬೆಳಿಗ್ಗೆ ಸೀಸೆಗಳಲ್ಲಿನ ಮದ್ದು ಕಲ್ಲಾಗಿತ್ತು. ಬಟಾಣಿಯನ್ನು ಕರಗಿಸುವ ಹಾಗೆಯೇ ಅದನ್ನೂ ಮೇಜಿನ ಮೇಲಿಟ್ಟು ಕರಗಿಸಿದ. ನರ್ಸ್ ಬರುವ ಹೊತ್ತಿಗೆ ಎಲ್ಲವೂ ಮೊದಲಿನಂತೆಯೇ ಕಾಣುತ್ತಿತ್ತು.

ಸಾಲಿನಲ್ಲಿ ಎಲ್ಲರೂ ಹಾರ್ನ್ ಎಂದೇ ಕರೆಯುವ ಐಸಣ್ಣನ ಗೆಳೆಯ ಹಿಂದೆ ಹಿಂದೆ ಸರಿಯುತ್ತಿದ್ದ. ಫೋರ್ಕ್‌ಲಿಫ್ಟ್ ಓಡಿಸುವವನು, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಹಾರ್ನ್ ಬಾರಿಸುವವನು, ಉಬ್ಬಸದ ಆಳು. ಸೂಜಿ ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು.

"ನಡಿಯೋ ಮುಂದೆ!" ಐಸಣ್ಣ ಗೆಳೆಯನ ಕುತ್ತಿಗೆಗೆ ಕೈ ಹಾಕಿ ತಳ್ಳಿದ. "ಗಾಡಿ ಹತ್ತಿದ್ರೆ ಊರಿಗೇ ದೊಡ್ಡವನು, ಸೂಜಿ ಕಂಡ್ರೆ ಹೆಂಡ್ತಿ ಬೆನ್ನ ಹಿಂದೆ ಅವಿತ್ಕೋತೀಯಾ?"

"ಎರಡು ಚುಚ್ಚಿ ಸಿಸ್ಟರ್," ಎಂದಳು ಹಾರ್ನ್‌ನ ಹೆಂಡತಿ. ಅವಳೂ ಅಲ್ಲೇ ತರಕಾರಿ ಆರಿಸುವವಳು. "ಇನ್ನೊಂದು ಬಾಯಿಗೆ."

ಚುಚ್ಚಿಸಿಕೊಂಡ ಹಾರ್ನ್ ತೋಳು ತಿಕ್ಕುತ್ತ, "ಏನ್ ತಣ್ಣಗಿದೆ ಸಿಸ್ಟರ್! ಐಸಣ್ಣನ ರೂಮಿಂದಲೇ ತಂದ್ರಾ?" ಎಂದ.

"ಅಯ್ಯೋ, ಅಲ್ಲಿಟ್ಟಿದ್ರೆ ಕಥೆ ಮುಗೀತಿತ್ತು," ನರ್ಸ್ ನಕ್ಕಳು. "ಇದು ಎರಡರಿಂದ ಎಂಟು ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಗಟ್ಟಿಯಾದ್ರೆ ಎಸೆಯೋದೇ. ಕರಗಿದ ಮೇಲೆ ನೋಡೋಕೆ ಹಾಗೇ ಇರುತ್ತೆ, ನಂಬೋ ಹಾಗಿಲ್ಲ. ಫ್ರಿಜ್‌ನಲ್ಲೇ ಇಟ್ರಿ ಅಲ್ವಾ ಅಣ್ಣ?"

"ಹೂಂ," ಎಂದ ಐಸಣ್ಣ.

ಯೋಚಿಸುವ ಮೊದಲೇ ಬಾಯಿಂದ ಜಾರಿದ ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಅರ್ಧ ಸಾಲು ಆಗಲೇ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿತ್ತು. ಮುಂದಿನವಳು ಐಸಣ್ಣನ ಮಗಳು, ಪ್ಯಾಕಿಂಗ್ ವಿಭಾಗದವಳು, ತುಂಬು ಬಸುರಿ. ತೋಳಿನ ಬಟ್ಟೆ ಮೇಲೆ ಮಡಚಿ ನಿಂತಿದ್ದಳು. ಅವನು ಅವಳ ಮಣಿಕಟ್ಟು ಹಿಡಿದ.

"ನಿಂಗಿಲ್ಲಿ ಬೇಡ. ಆಸ್ಪತ್ರೇಲಿ ಹಾಕಿಸೋಣ."

"ಯಾಕಪ್ಪಾ? ಬಸುರಿಯರಿಗೂ ಇದೇ ಅಂತೆ."

"ನಡಿ ಅಂದ್ರೆ ನಡಿ."

ಅಂದು ಮಧ್ಯಾಹ್ನವೇ ರಜೆ ಹಾಕಿ ಮಗಳಿಗೆ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದ. ಉಳಿದವರ ವಿಷಯ ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರಲಿಲ್ಲ.

ಚಳಿಯ ಜೊತೆಗೇ ಫ್ಲೂ ಬಂತು. ಹಾರ್ನ್ ಕೆಂಪು ಕಣ್ಣು ಮಾಡಿಕೊಂಡು ಕೆಲಸಕ್ಕೆ ಬಂದ. "ಸೂಜಿ ಆಗಿದೆಯಲ್ಲೋ, ಇದು ಬರೀ ನೆಗಡಿ" ಎಂದು ಕೆಮ್ಮಿದ. "ಡಾಕ್ಟರ್ ಹತ್ರ ಹೋಗೋ ಮಾರಾಯ" ಎಂದ ಐಸಣ್ಣ. ಯಾಕೆ ಹೋಗಬೇಕೆಂದು ಹೇಳಲಿಲ್ಲ. ಕೊನೆಗೆ ಹಾರ್ನ್‌ನನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ. ಅವನು ಬದುಕಲಿಲ್ಲ. "ಲಸಿಕೆ ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಬರುತ್ತೆ" ಎಂದು ಡಾಕ್ಟರ್ ಹೇಳಿದ್ದು ಸುಳ್ಳಲ್ಲ. ಐಸಣ್ಣ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮಗಳಿಗೆ ಜ್ವರ ತಾಗಲಿಲ್ಲ. ಹೆರಿಗೆ ಸುಸೂತ್ರವಾಯಿತು. ಒಂದು ಸಂಜೆ ಮಗುವನ್ನು ತಟ್ಟಿ ಮಲಗಿಸುತ್ತ ಅವಳು ಕೇಳಿದಳು: "ಅವತ್ತು ನನ್ನೊಬ್ಬಳನ್ನೇ ಯಾಕಪ್ಪಾ ಎಳ್ಕೊಂಡು ಹೋದೆ?"

"ಮೆಲ್ಲಗೆ ಮಾತಾಡು, ಮಗು ಏಳುತ್ತೆ."

ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ಮಗುವನ್ನು ತಾನಾಗಿ ಅವನ ಕೈಗೆ ಕೊಡಲೂ ಇಲ್ಲ.

ಮರುವರ್ಷ ನರ್ಸ್ ಪೆಟ್ಟಿಗೆ ತಂದಾಗ ಸಾಲಿನಲ್ಲಿ ನಿಂತದ್ದು ಐಸಣ್ಣ ಮತ್ತು ಮಗಳು, ಇಬ್ಬರೇ. ಉಳಿದವರು ತರಕಾರಿ ಸಾಗುವ ಬೆಲ್ಟಿನ ಮುಂದಿನಿಂದ ಕದಲಲಿಲ್ಲ. "ನಮ್ಮೆಜಮಾನ್ರು ಹಾಕಿಸ್ಕೊಂಡಿದ್ರಲ್ಲ, ಏನಾಯ್ತು?" ಎಂದಳು ಹಾರ್ನ್‌ನ ಹೆಂಡತಿ. ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು. ಆಮೇಲೆ ಐಸಣ್ಣನ ಕಡೆ ತಿರುಗಿದಳು. "ಮನೇಲಿ ಚಿಕ್ಕ ಹುಡುಗಿ ಇದಾಳೆ. ನಂಗೇನಾದ್ರೂ ಆದ್ರೆ ಅವಳಿಗೆ ಯಾರು? ನೀವೇ ಹೇಳಿ ಅಣ್ಣ, ಹಾಕಿಸ್ಕೊಳ್ಳೋದಾ ಬೇಡ್ವಾ? ನೀವು ಅವರ ಜೀವದ ಗೆಳೆಯ."

ಹಾಕಿಸಿಕೋ ಎಂದರೆ ಸಾಲದು. ಯಾಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಮಗಳು ಹತ್ತಿ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಐಸಣ್ಣನ ಬಾಯಿ ತೆರೆಯಿತು.

"ನಿಮ್ಮಿಷ್ಟ ಕಣಮ್ಮ," ಎಂದ.

ಅವಳು ತಲೆಯಾಡಿಸಿ ಮತ್ತೆ ಬೆಲ್ಟಿನ ಕಡೆ ತಿರುಗಿದಳು.

"ನಾಳೆ ಇನ್ನೊಮ್ಮೆ ಬರ್ತೀನಿ, ಯಾರಾದ್ರೂ ಮನಸ್ಸು ಮಾಡಬಹುದು," ನರ್ಸ್ ತುಂಬಿದ ಪೆಟ್ಟಿಗೆಯನ್ನು ಅವನ ಕೈಗಿತ್ತಳು. "ಫ್ರಿಜ್‌ನಲ್ಲಿಡಿ ಅಣ್ಣ."

ಕ್ಯಾಂಟೀನಿನ ಫ್ರಿಜ್‌ಗೆ ಹೊಸ ರಬ್ಬರ್ ಬಿದ್ದಿತ್ತು, ಅವನೇ ಕೂರಿಸಿದ್ದು. ಒಳಗಿದ್ದ ಹಾಲನ್ನೆಲ್ಲ ತೆಗೆದು, ಪೆಟ್ಟಿಗೆಯನ್ನು ನಡುವಿನ ಖಾನೆಯಲ್ಲಿ ಇಟ್ಟ. ಪಕ್ಕದಲ್ಲಿ ಉಷ್ಣಮಾಪಕ ಇರಿಸಿದ. ಮುಳ್ಳು ನಾಲ್ಕು ಡಿಗ್ರಿಯಲ್ಲಿ ನಿಲ್ಲುವುದನ್ನು ನೋಡಿ, ಸದ್ದಾಗದಂತೆ ಬಾಗಿಲು ಹಾಕಿದ. ಗೋಡೆಯಾಚೆ ಬೆಲ್ಟಿನ ಕಡೆಯಿಂದ ಹಾರ್ನ್‌ನ ಹೆಂಡತಿ ಕೆಮ್ಮುತ್ತಲೇ ಇದ್ದದ್ದು ಕೇಳಿಸುತ್ತಿತ್ತು.