ಹನ್ನೆರಡು ವಾರದ ಮನೆ

ಮಳಖೇಡದ ಬಡಗಿ ಬಾಬುಮಿಯಾನ ಕೈಗೆ ಕೆಲಸ ಕೊಟ್ಟವರು ಅದನ್ನು ಮರೆತುಬಿಡುವುದೇ ಕ್ಷೇಮವೆಂದು ತಿಳಿದಿದ್ದರು. ಕೆಲಸವೇನೋ ಚೊಕ್ಕ. ಅವನು ಕೂಡಿಸಿದ ಚೌಕಟ್ಟಿನ ಸಂದಿಯಲ್ಲಿ ಉಗುರು ಇಳಿಯುತ್ತಿರಲಿಲ್ಲ. ಆದರೆ ಯಾರು ಬಂದು ಕೇಳಿದರೂ ಉತ್ತರ ಒಂದೇ: "ಜುಮ್ಮಾ ನಮಾಜ್ ಆಗ್ಲಿ, ಶನಿವಾರ ಒಯ್ದು ಬಿಡ್ರಿ." ಯಾವ ಶನಿವಾರ ಎಂದು ಮಾತ್ರ ಹೇಳುತ್ತಿರಲಿಲ್ಲ. ಕಲ್ಲು ಕಟ್ಟುವ ಗೌಂಡಿ ಸಾಬಣ್ಣ ಮಗಳ ಮದುವೆಗೆಂದು ಹೇಳಿ ಮಾಡಿಸಿದ ಮಂಚದ ಮೇಲೆ ಮೊದಲು ಮಲಗಿದ್ದು ಅವನ ಮೊಮ್ಮಗಳು.

ಹಳೆಯ ಮಣ್ಣಿನ ಮನೆಯ ಗೋಡೆ ಉಬ್ಬಿ, ಇನ್ನೊಂದು ಮಳೆಗೆ ನಿಲ್ಲುವುದಿಲ್ಲ ಎಂಬಂತಾದಾಗ ಬಾಬುಮಿಯಾ ಎದೆಯುಬ್ಬಿಸಿ ಹೇಳಿದ್ದ, "ಕಟ್ಟಿಗಿ ಮನಿ ನಾನೇ ಕಟ್ತೀನಿ." ಹೆಂಡತಿ ಸುಗರಾಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

"ಅಜೀ, ನೀವು ಕಟ್ಟೋ ಮನ್ಯಾಗಿಂದ ನನ್ನ ಜನಾಜಾ ಹೊಂಡಬೇಕಂದ್ರ ನಾ ನೂರಾ ಹತ್ತು ವರ್ಷ ಬದುಕಬೇಕು. ಕಟ್ಟಿಗೀದೇ ಆಗ್ಲಿ, ಆದ್ರ ತಯಾರ್ ಇದ್ದದ್ದು ತರಸ್ರಿ."

ಹಾಗೆ ಬಂದದ್ದು ಹೈದರಾಬಾದಿನ ಪ್ರದರ್ಶನದಲ್ಲಿ ಕಂಡ ಕಂಪನಿ. ಕಾರ್ಖಾನೆಯಲ್ಲೇ ಗೋಡೆ, ಮಾಡು, ಕಿಟಕಿ ಎಲ್ಲ ಕೊಯ್ದು, ನಂಬರು ಬರೆದು, ಲಾರಿಯಲ್ಲಿ ತಂದು ಅಡಿಪಾಯದ ಕಟ್ಟೆಯ ಮೇಲೆ ಜೋಡಿಸುತ್ತಾರೆ. ಹನ್ನೆರಡು ವಾರ ತಯಾರಿಗೆ, ಐದು ದಿನ ಜೋಡಣೆಗೆ. ಕಟ್ಟೆಯಷ್ಟೇ ನಿಮ್ಮದು ಎಂದಿದ್ದರು. ಹಳೆಯ ಮನೆ ಕೆಡವಿದ್ದಾಯಿತು. ಸಾಬಣ್ಣ ಹತ್ತೇ ದಿನದಲ್ಲಿ ಶಹಾಬಾದ ಫರ್ಸಿ ಕಲ್ಲು ಹಾಸಿ ಕಟ್ಟೆ ಎಬ್ಬಿಸಿದ.

"ಕಾಲಬುಡಕ ಇಷ್ಟು ಕಲ್ಲು ಇಟ್ಕೊಂಡು ಕಟ್ಟಿಗಿ ಮನಿ ತರಸ್ತಾನಂತ!" ಎಂದು ಕರಣೆ ತೊಳೆಯುತ್ತ ನಕ್ಕ. "ಬಾಬುಭಾಯಿ, ಹನ್ನೆರಡು ವಾರದಾಗ ನಾ ಇದರ ಮ್ಯಾಲ ಎರಡು ಅಂತಸ್ತು ಎಬ್ಬಸ್ತಿದ್ದೆ."

ಗಂಡಹೆಂಡತಿ ಎದುರಿನ ಬಡಗಿ ಶೆಡ್ಡಿಗೆ ಸಂಸಾರ ಸಾಗಿಸಿದರು. ಹನ್ನೆರಡು ವಾರ ಕಳೆಯಿತು. ಕಟ್ಟೆಯ ಮೇಲೆ ಓಣಿಯವರು ತೊಗರಿ ಒಣಹಾಕಿದರು. ಅದನ್ನು ಮೇಯಲು ಆಡುಗಳು ಬಂದವು. ಮನೆ ಬರಲಿಲ್ಲ.

ಕಂಪನಿಯಿಂದ ಫೋನು ಮಾಡುತ್ತಿದ್ದವಳು ಲುಂಬಿನಿ ಎಂಬ ಹುಡುಗಿ. "ಸರ್, ಮರ ಇನ್ನೂ ಪೂರ್ತಿ ಒಣಗಿಲ್ಲ" ಎಂದಳು ಮೊದಲ ಸಲ. ಬಾಬುಮಿಯಾನಿಗೆ ಸಿಟ್ಟು ಬರಲಿಲ್ಲ. ಉಸ್ತಾದನೊಬ್ಬ ಹೊಸ ಶಾಗಿರ್ದನ ಕೆಲಸ ನೋಡುವಂತೆ ಕಣ್ಣು ಕಿರಿದು ಮಾಡಿದ.

"ಇದು ಹಳೇದು" ಎಂದ ಸಾಬಣ್ಣನಿಗೆ. "ಪೊಲೀಸ್ ಪಾಟೀಲರ ಕಪಾಟಿಗಿ ನಾ ಇದೇ ಹೇಳಿದ್ದೆ."

ಎರಡು ವಾರ ಬಿಟ್ಟು, ಮರ ಕೊಯ್ಯುವ ಮಶೀನಿನ ಬ್ಲೇಡು ಪರದೇಶದಿಂದ ಬರಬೇಕೆಂದಳು.

"ಇದು ಛಲೋ ಅದ. ನನಗ ಹೊಳದಿರಲಿಲ್ಲ ನೋಡು."

ಆದರೆ ಸುಗರಾಬಿಗೆ ಈ ವಿದ್ಯೆಯಲ್ಲಿ ರುಚಿಯಿರಲಿಲ್ಲ. ಅರ್ಧಂಬರ್ಧ ಕುರ್ಚಿಗಳ ನಡುವೆ ಮಲಗಿ ಅವಳ ಸೊಂಟ ಹಿಡಿದಿತ್ತು. ಬ್ಯಾಳಿ ಸಾರಿನಲ್ಲಿ ಕಟ್ಟಿಗೆಯ ಹುಡಿ, ಹಾಸಿಗೆಯಲ್ಲಿ ಮೊಳೆ. ಇಪ್ಪತ್ತನೆಯ ವಾರ ಅವಳು ಟ್ರಂಕು ಕಟ್ಟಿ ಚಿಂಚೋಳಿಯ ಅಣ್ಣ ಹಾಜಿಮಲಂಗನ ಮನೆಗೆ ಹೊರಟು ನಿಂತಳು.

"ಮನಿ ಬಂತು ಅಂತ ಬರೇ ಬಾಯಿಲೆ ಹೇಳಿದ್ರ ನಾ ಬರಾಂಗಿಲ್ಲ. ನಿಮ್ಮ ಬಾಯಿ ನನಗ ಗೊತ್ತದ. ಒಳಗ ಕುಂತು ಬಾಗಿಲಾ ಹಾಕ್ರಿ, ಫೋನಿನಾಗ ಚಿಲಕದ ಸಪ್ಪಳ ಕೇಳಸ್ರಿ. ಆವಾಗ ಬಸ್ ಹತ್ತತೀನಿ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಬಾಣಂತನ ಬಿಟ್ಟರೆ ಒಂದು ವಾರವೂ ತವರಿನಲ್ಲಿ ನಿಂತವಳಲ್ಲ. ಮೊದಲ ವಾರ ಬಾಬುಮಿಯಾ ಹೋಟೆಲಿನ ಮಂಡಕ್ಕಿ ಸುಸಲಾ ತಿಂದು ಸುಖವಾಗಿದ್ದೇನೆ ಅಂದುಕೊಂಡ. ಎರಡನೆಯ ವಾರ ಸುಸಲಾದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟೆದ್ದ. ಅವನೇ ಲುಂಬಿನಿಗೆ ಫೋನು ಹಚ್ಚಿದ.

"ಶುಕ್ರವಾರ ಪ್ಯಾಕಿಂಗ್ ಮುಗಿಯುತ್ತೆ ಸರ್. ಶನಿವಾರ ಲಾರಿ ಹೊರಡುತ್ತೆ."

ಬಾಬುಮಿಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಕೇಳಿದ, "ಯಾವ ಶನಿವಾರ, ಬೇಟಿ?"

ಆ ಕಡೆ ಹುಡುಗಿ ಉತ್ತರ ಹುಡುಕತೊಡಗಿದಳು. ಅವಳಿಗೆ ಅದು ಸಿಕ್ಕುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಫೋನು ಕೆಳಗಿಟ್ಟು ತಲೆ ಎತ್ತಿದಾಗ ಎದುರಿಗೆ ಹಣಮಮ್ಮನ ಮನೆ. ಹಳೆಯ ಬಾಗಿಲನ್ನು ಗೆದ್ದಲು ತಿಂದ ಮೇಲೆ ಅವಳು ತನ್ನ ಹೊಲದ ಬದುವಿನ ಬೇವಿನ ಮರ ಕೊಯ್ಯಿಸಿ ಹಲಗೆ ತಂದು ಹೊಸ ಬಾಗಿಲಿಗೆಂದು ಇವನ ಶೆಡ್ಡಿನಲ್ಲಿ ಇಟ್ಟಿದ್ದಳು. ಅಂದಿನಿಂದ ಅವಳ ಬಾಗಿಲಿಗೆ ಖಾಲಿ ಸಿಮೆಂಟ್ ಚೀಲ ಹೊಲಿದ ಪರದೆ. ಈಗ ಅವಳು ರೊಟ್ಟಿ ಕಚ್ಚಿಕೊಂಡ ನಾಯಿಯೊಂದನ್ನು ಪೊರಕೆಯಿಂದ ಅಟ್ಟುತ್ತ ಹೊರಬಂದಳು.

"ಅಣ್ಣಾ, ಲಾರಿ ಬರಾಕತ್ತದೇನು?"

"ಶನಿವಾರ ಅಂತಾರ, ಅಕ್ಕಾ."

"ಹಾಂ, ಶನಿವಾರ ಭಾಳ ಛಲೋ ದಿವಸ" ಎಂದಳು ಹಣಮಮ್ಮ, ಕುಹಕವೇನೂ ಇಲ್ಲದೆ. "ಹದಿನಾಲ್ಕು ತಿಂಗಳಾತು, ನಾನೂ ಅದರದೇ ಹಾದಿ ನೋಡಾಕತ್ತೀನಿ."

ಅಂದು ಸಂಜೆ ಬಾಬುಮಿಯಾ ಯಾರಿಗೂ ಹೇಳದೆ ಅಟ್ಟದ ಮೇಲಿನ ಬೇವಿನ ಹಲಗೆ ಇಳಿಸಿದ. ಧೂಳು ಕೊಡವಿದರೆ ಜೇಡಗಳ ಮೂರು ತಲೆಮಾರು ಹೊರಬಿದ್ದವು. ಮನೆಯ ಚಿಂತೆ ಬಂದಾಗಲೆಲ್ಲ ಹಲಗೆ ನುಣುಪಾಗಲೆಂದು ರಂದಾ ಹೊಡೆದ. ಚಿಂತೆ ಬಹಳವಿದ್ದುದರಿಂದ ಹಣಮಮ್ಮನ ಬಾಗಿಲು ಕನ್ನಡಿಯಾಯಿತು. ಕೂಡಿಸುವುದು ಮಾತ್ರ ಶನಿವಾರಕ್ಕೆ ಉಳಿಯಿತು.

ಇಪ್ಪತ್ತೊಂಬತ್ತನೆಯ ವಾರ ಲಾರಿ ಬಂದೇಬಿಟ್ಟಿತು. ಊರ ಹತ್ತಿರದ ಸಿಮೆಂಟ್ ಫ್ಯಾಕ್ಟರಿಯ ಲಾರಿಗಳ ಸಾಲಿನಲ್ಲಿ ಅರ್ಧ ದಿನ ಸಿಕ್ಕಿಕೊಂಡು, ಓಣಿಯ ಮೂಲೆಯಲ್ಲಿ ತಿರುಗಲಾರದೆ ನಿಂತಿತು. ಅಲ್ಲಿಂದ ಗೋಡೆಗಳನ್ನು ಜನ ಡೋಲಿಯಂತೆ ಹೊತ್ತು ತಂದರು. ಜೋಡಿಸುವ ತಂಡದ ಮುಖ್ಯಸ್ಥ ಸೂರ್ಯಕಾಂತ ವಾಡಿಯವನು, ಮಾತಿಗಿಂತ ಕೈ ಚುರುಕು. ಒಂದನೆ ನಂಬರಿಗೆ ಎರಡು, ಎರಡಕ್ಕೆ ಮೂರು ಕೂಡುತ್ತ ಸರಿಯಾಗಿ ಐದನೆಯ ದಿನ ಮಧ್ಯಾಹ್ನ ಮನೆ ನಿಂತಿತು. ಬಾಬುಮಿಯಾ ಪ್ರತಿ ಸಂದಿಗೂ ಉಗುರು ಹಾಕಿ ನೋಡಿದ. ಎರಡು ಕಡೆ ಮಾತ್ರ ಇಳಿಯಿತು. ಅವನಿಗೆ ಅದರಿಂದ ಸಮಾಧಾನವೇ ಆಯಿತು.

ಆದರೆ ಬಾಗಿಲಿನ ಜಾಗ ಖಾಲಿಯಿತ್ತು.

"ಬಾಗಿಲಾ ಬ್ಯಾರೆ ಕಾರ್ಖಾನಿದು, ಕಾಕಾ" ಎಂದ ಸೂರ್ಯಕಾಂತ, ಸಾಮಾನು ಕಟ್ಟುತ್ತ. "ಇನ್ನಾ ಎಂಟು ವಾರ. ಅಲ್ಲೀತನಕ ತಡಿಯಾಂಗಿಲ್ಲ ಅಂದ್ರ ಊರಾಗ ಯಾರರೆ ಛಲೋ ಬಡಗಿ ಇದ್ರ ಮಾಡಿಸ್ಕೊಳ್ರಿ."

ಸಾಬಣ್ಣ ನಕ್ಕ ರಭಸಕ್ಕೆ ತಾನೇ ಕಟ್ಟಿದ ಕಟ್ಟೆಯ ಮೇಲೆ ಕುಸಿದು ಕುಳಿತ. "ಇದ್ದಾನೋ ತಮ್ಮಾ, ಒಬ್ಬಾವ ಇದ್ದಾನ! ಅವ್ನಿಗಿಂತ ನಿನ್ನ ಎಂಟು ವಾರನೇ ಲಗೂ!"

ತಂಡ ಹೋಯಿತು. ನಗು ಮುಗಿದ ಮೇಲೆ ಸಾಬಣ್ಣನ ಕಣ್ಣು ಶೆಡ್ಡಿನೊಳಗೆ ಹೊಳೆಯುತ್ತಿದ್ದ ಬೇವಿನ ಬಾಗಿಲ ಮೇಲೆ ಬಿತ್ತು. ಬಾಬುಮಿಯಾನ ಕಣ್ಣು ಮೊದಲೇ ಅಲ್ಲಿತ್ತು. ಅಳತೆ ಹಿಡಿದು ನೋಡಿದರು. ಎತ್ತರ ಸರಿ. ಅಗಲ ಒಂದು ಬೆರಳು ಹೆಚ್ಚು.

"ಅರ್ಧ ತಾಸು ರಂದಾ ಹೊಡಿ" ಎಂದ ಸಾಬಣ್ಣ ದನಿ ತಗ್ಗಿಸಿ. "ನಾಳಿಗಿ ಭಾಭಿ ಇಲ್ಲಿ ರೊಟ್ಟಿ ಬಡೀತಾಳ. ಹಣಮಮ್ಮ ಕಾಯಾಕ ರೂಢಿ ಆಗ್ಯಾಳ."

ಬಾಬುಮಿಯಾ ರಂದಾ ಎತ್ತಿಕೊಂಡ. ಬಾಗಿಲನ್ನು ಮಗ್ಗುಲಾಗಿ ನಿಲ್ಲಿಸಿದ. ಚಿಂಚೋಳಿಯ ಬಸ್ಸು, ಬಿಸಿ ರೊಟ್ಟಿ, ಒಲೆಯ ಮುಂದಿನ ಆ ಬೈಗುಳ, ಎಲ್ಲ ಒಂದು ಬೆರಳಿನಷ್ಟು ದೂರದಲ್ಲಿದ್ದವು. ಆದರೆ ಆ ಒಂದು ಬೆರಳು ತೆಗೆದರೆ ಈ ಬಾಗಿಲು ಮತ್ತೆಂದೂ ಹಣಮಮ್ಮನ ಚೌಕಟ್ಟಿಗೆ ಕೂಡುವುದಿಲ್ಲ. ಎದುರಿಗೆ ಸಿಮೆಂಟ್ ಚೀಲ ಗಾಳಿಗೆ ಪಟಪಟ ಬಡಿದುಕೊಂಡಿತು.

ಅವನು ರಂದಾ ಕೆಳಗಿಟ್ಟ. "ಆ ತುದಿ ಹಿಡಿ, ಸಾಬಣ್ಣ."

"ಎಲ್ಲಿಗೋ?"

"ಹಿಡಿಯಂದ್ರ ಹಿಡಿ."

ಹೊತ್ತು ಇಳಿಯುವ ಮೊದಲು ಹಣಮಮ್ಮನ ಮನೆಗೆ ಬಾಗಿಲು ಕೂತಿತು. ಅವಳು ಒಳಗೆ ಹೋಗಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಾಬುಮಿಯಾ ಅಲ್ಲೇ ನಿಂತು ಚಿಂಚೋಳಿಗೆ ಫೋನು ಹಚ್ಚಿದ.

"ಮನಿ ನಿಂತದ" ಎಂದ. "ಬಾಗಿಲಾ ಬಂದಿಲ್ಲ."

"ಹೌದಾ. ಬಂದ ಮ್ಯಾಲ ಮಾಡ್ರಿ" ಎಂದಳು ಸುಗರಾಬಿ.

"ತಡಿ. ಇದನ್ನರೆ ಕೇಳು." ಫೋನನ್ನು ಬೇವಿನ ಹಲಗೆಗೆ ಹಿಡಿದ. ಒಳಗಿನಿಂದ ಚಿಲಕ ಖಟ್ಟನೆ ಬಿತ್ತು.

"ಯಾರ ಬಾಗಿಲಾ ಅದು?"

"ಹಣಮಮ್ಮಂದು."

"ಸುಳ್ಳು. ಅಕೀ ಕೈಯಾಗ ಕೊಡ್ರಿ ಫೋನು."

ಹಣಮಮ್ಮ ಚಿಲಕ ತೆಗೆದು ಬಂದು ಫೋನು ಕಿವಿಗೊತ್ತಿ, "ಖರೇ ಅದವ್ವ" ಎಂದಳು. "ನಾನೇ ಚಿಲಕ ಹಾಕ್ದೆ. ನನಗೂ ನಂಬಿಗಿ ಬರವಲ್ದು."

ಮರುದಿನ ಮುಂಜಾನೆಯ ಬಸ್ಸಿನಿಂದ ಸುಗರಾಬಿ ಟ್ರಂಕಿನ ಸಮೇತ ಇಳಿದಳು. ಮೊದಲು ಹಣಮಮ್ಮನ ಬಾಗಿಲನ್ನು ಬೆರಳಿನಿಂದ ಬಡಿದು ನೋಡಿದಳು. ಆಮೇಲೆ ತನ್ನ ಮನೆಯ ಮುಂದೆ ಬಂದು ನಿಂತಳು. ಅಲ್ಲಿ ಹಣಮಮ್ಮ ಕೊಟ್ಟ ಸಿಮೆಂಟ್ ಚೀಲದ ಪರದೆ ತೂಗುತ್ತಿತ್ತು.

"ನಮ್ಮದು ಯಾವಾಗ?"

ಶನಿವಾರ ಎಂಬ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂತು. ಬಾಬುಮಿಯಾ ಅದನ್ನು ನುಂಗಿ, ಹಲಗೆ, ಕೀಲು, ಕೈ ಎಲ್ಲವನ್ನೂ ಲೆಕ್ಕ ಹಾಕಿದ.

"ಒಂಬತ್ತು ದಿನ."

"ಏಳರಾಗ ಆಗಾಂಗಿಲ್ಲೇನು?"

"ಇಲ್ಲ. ಒಂಬತ್ತು."

ಗಿರಾಕಿ ಕಡಿಮೆ ದಿನ ಕೇಳಿದಾಗ ಅವನು ಇಲ್ಲವೆಂದದ್ದನ್ನು ಸುಗರಾಬಿ ಈವರೆಗೆ ಕೇಳಿರಲಿಲ್ಲ. ಅವಳು ಗಂಡನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಟ್ರಂಕನ್ನು ಅವನ ಕೈಗೆ ಕೊಟ್ಟು, ಪರದೆ ಸರಿಸಿ ಒಳಗೆ ಹೋದಳು.