ಮುಚ್ಚಳ ಮುಚ್ಚುವ ಮೊದಲು

"ಆ ಕಡೆ ಸ್ವಲ್ಪ ಎತ್ತಿ ಸಾರ್, ಬೆರಳು ಸಿಕ್ಕೊಳ್ಳುತ್ತೆ," ಎನ್ನುತ್ತಾ ಶವದ ಗಾಡಿಯ ಡ್ರೈವರ್ ಪೆಟ್ಟಿಗೆಯ ಮುಚ್ಚಳವನ್ನು ಓರೆ ಮಾಡಿದ. ಇನ್ನೊಂದು ತುದಿ ಹಿಡಿದಿದ್ದ, ಮೃತರ ಕಚೇರಿಯ ಸಾಹೇಬರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಿವಿಗಿಟ್ಟುಕೊಂಡ ಸಾಹೇಬರ ಮುಖ ಹುಳಿ ಹಿಂಡಿದಂತಾಯಿತು.

"ಮತ್ತೆ ಬಿತ್ತಾ?"

ಬಿದ್ದದ್ದು ಏನೆಂದು ಯಾರೂ ಕೇಳಲಿಲ್ಲ. ಬಸ್ ಕಚೇರಿಯ ಸರ್ವರ್. ಅದು ಮಲಗಿದರೆ ಊರಿನ ಯಾವ ನಿಲ್ದಾಣದಲ್ಲೂ ಟಿಕೆಟ್ ಹುಟ್ಟುವುದಿಲ್ಲ. ಈಗ ಪೆಟ್ಟಿಗೆಯಲ್ಲಿ ಮಲಗಿದ್ದವರು ಅದನ್ನು ಎಬ್ಬಿಸಿ ಎಬ್ಬಿಸಿಯೇ ತಲೆಗೂದಲು ಕಳೆದುಕೊಂಡವರು.

ಸಾಹೇಬರು ಮೃತರ ಸಹಾಯಕಿಯ ಕಡೆ ತಿರುಗಿದರು. "ನೀನು ಹೋಗಮ್ಮ. ಆಫ್ ಮಾಡಿ ಆನ್ ಮಾಡು, ಸಾಕು."

"ಸರ್, ಇವತ್ತು ಅದನ್ನ ಮುಟ್ಟಿದ್ದು ಯಾರು?"

"ಈಗ ಅದೆಲ್ಲ ಮಾತಾಡೋ ಹೊತ್ತಾ?"

"ಅದೇ ಹೊತ್ತು," ಎಂದರು, ಗಂಡನ ತಲೆಯ ಬಳಿ ಕುಳಿತಿದ್ದ ಹೆಂಡತಿ.

*

ಕಚೇರಿಯವರು ಮೃತರಿಗೆ ಇಟ್ಟಿದ್ದ ಹೆಸರು ಅದಲುಬದಲಪ್ಪ. ಮನೆಯಲ್ಲಿ ಬಲ್ಬು ಮಿಣುಕಿದರೆ ಹೊಸದು ತರುತ್ತಿರಲಿಲ್ಲ. ಇಲ್ಲಿಯದನ್ನು ಪಕ್ಕದ ಕೋಣೆಗೆ, ಅಲ್ಲಿಯದನ್ನು ಇಲ್ಲಿಗೆ ಹಾಕುತ್ತಿದ್ದರು. ಮಿಣುಕು ಬಲ್ಬಿನ ಬೆನ್ನು ಹತ್ತಿ ಹೋದರೆ ರೋಗ ಬಲ್ಬಿನದು, ಹಳೇ ಜಾಗದಲ್ಲೇ ಉಳಿದರೆ ತಂತಿಯದು. ಹೆಣ್ಣುಮಕ್ಕಳಿಬ್ಬರು ಕಿತ್ತಾಡಿದಾಗಲೂ ಕೋಣೆ ಬದಲಿಸಿ ನೋಡಿದ್ದರು. ಜಗಳ ಇಬ್ಬರ ಹಿಂದೆಯೂ ಹೋಯಿತು. "ಎರಡೂ ಕೆಟ್ಟ ಪೀಸೇ ಕಣೇ," ಎಂದು ಹೆಂಡತಿಗೆ ವರದಿ ಒಪ್ಪಿಸಿ ಬೈಸಿಕೊಂಡಿದ್ದರು.

ಸರ್ವರಿಗೂ ಅದೇ ಮದ್ದು ಮಾಡಬೇಕೆಂದಿದ್ದರು. ಅದರೊಳಗೆ ಎರಡು ಪ್ರೊಸೆಸರ್ ಚಿಪ್ಪು, ಅವು ಕೂರಲು ಎರಡು ಗೂಡು. ಪ್ರತಿ ಸಲ ಪರದೆಯಲ್ಲಿ ಮೊದಲನೇ ಗೂಡಿನ ಮೇಲೆ ಚಾಡಿ ಹೇಳಿಯೇ ಅದು ಬೀಳುತ್ತಿತ್ತು.

"ತಪ್ಪು ಚಿಪ್ಪಿಂದೋ ಗೂಡಿಂದೋ ಅದಲುಬದಲು ಮಾಡಿ ನೋಡ್ತೀನಿ. ಒಂದು ಮಧ್ಯಾಹ್ನ ನಿಲ್ಲಿಸೋಕೆ ಬಿಡಿ ಸರ್."

"ನಿಲ್ಲಿಸೋಕೆ ಅದೇನು ನಿಮ್ಮ ಮನೆ ಮಿಕ್ಸೀನಾ?"

ಕೊನೆಗೆ ಸಾಹೇಬರೇ ರೋಗ ಕಂಡುಹಿಡಿದರು. "ನೀವು ಕೈಯಾಡಿಸಿ ಕೈಯಾಡಿಸಿಯೇ ಅದು ಕೆಟ್ಟಿರೋದು." ಸರ್ವರ್ ಕೋಣೆಯ ಕೀಲಿ ಕಿತ್ತುಕೊಂಡು ಅವರನ್ನು ಉಗ್ರಾಣಕ್ಕೆ ಹಾಕಿದರು. ಅಂದಿನಿಂದ ತಟ್ಟೆಯ ಮುಂದೆ ಕೂತರೆ ಅವರದು ಒಂದೇ ಮಾತು: "ಚಿಪ್ಪೇ ಕಣೇ. ನನ್ನ ಕೈ ಅಲ್ಲ." ಊಟ ಆರುತ್ತಿತ್ತು. ಆ ಉಗ್ರಾಣದಲ್ಲೇ, ಹಳೇ ಕೀಬೋರ್ಡುಗಳ ನಡುವೆ, ಎದೆ ಹಿಡಿದುಕೊಂಡು ಕುಸಿದರು.

*

"ಆನ್ ಮಾಡ್ಬೇಡ ಕಣಮ್ಮ," ಎಂದರು ಹೆಂಡತಿ. "ಹೇಗೂ ಬಿದ್ದಿದೆಯಲ್ಲ, ಎರಡನ್ನೂ ಅದಲುಬದಲು ಮಾಡಿ ನೋಡು. ಗೊತ್ತಾಗೋವರೆಗೂ ಇವರನ್ನ ಎತ್ತೋಕೆ ಬಿಡಲ್ಲ."

"ಅಮ್ಮಾ, ಜನ ಏನಂದ್ಕೋತಾರೆ?" ಹಿರಿಮಗಳು ಪಿಸುಗುಟ್ಟಿದಳು.

"ಅಂದ್ಕೊಂಡಾಗಿದೆ, ನಿಮ್ಮಪ್ಪನ ಕೈ ಸರಿಯಿಲ್ಲ ಅಂತ."

ಡ್ರೈವರ್ ತಲೆ ಕೆರೆದುಕೊಂಡ. "ನಂಗೆ ಇನ್ನೊಂದು ಬಾಡಿಗೆ ಇದೆಯಲ್ಲಮ್ಮ."

"ಅವರಿಗೇನಪ್ಪ ಅವಸರ? ಕಾಯ್ತಾರೆ ಬಿಡು."

ಸಹಾಯಕಿ ಚಪ್ಪಲಿ ಮೆಟ್ಟಿ ಓಡಿದಳು. ಉಳಿದವರು ಗಡಿಯಾರವನ್ನೂ ಪೆಟ್ಟಿಗೆಯನ್ನೂ ಸಾಹೇಬರನ್ನೂ ಸರದಿಯಂತೆ ನೋಡುತ್ತಾ ಕುಳಿತರು. ಬೇಸರ ತಾಳದೆ ಪಕ್ಕದ ಮನೆಯ ಮೇಷ್ಟ್ರು ಮೃತರ ಮೂಗುದನಿ ತೆಗೆದರು: "ಮೊದ್ಲು ಇದು ಹೇಳಿ, ಕೆಡೋ ಮುಂಚೆ ಏನ್ ಮಾಡ್ತಿದ್ರಿ?" ಹಿರಿಮಗಳು ಫಕ್ಕನೆ ನಕ್ಕಳು, ನಗು ಅರ್ಧ ದಾರಿಯಲ್ಲೇ ಅಳುವಾಯಿತು.

ಫೋನ್ ಬಂತು. ಸಾಹೇಬರು ಸ್ಪೀಕರಿಗೆ ಹಾಕಿದರು.

"ಬದಲಾಯಿಸಿದೀನಿ ಅಕ್ಕಾ. ಎಷ್ಟು ಕೆಲಸದ ಹೊರೆ ಹಾಕಿದ್ರೂ ಬೀಳ್ತಾನೇ ಇಲ್ಲ."

"ನೋಡಿದ್ರಾ? ಎಲ್ಲಾ ಸರಿಯಾಯ್ತು!" ಸಾಹೇಬರು ಮುಚ್ಚಳಕ್ಕೆ ಕೈ ಹಾಕಿದರು.

ವರ್ಷಗಟ್ಟಲೆ ಅದು ಬೀಳದಿರಲಿ ಎಂದು ಹರಕೆ ಹೊತ್ತಿದ್ದ ಹೆಂಡತಿ ಹಲ್ಲು ಕಚ್ಚಿದರು. "ಬೀಳೋ ಹಾಳಾದದ್ದೇ! ಮನುಷ್ಯ ಊಟಕ್ಕೆ ಕೂತಾಗಲೆಲ್ಲ ಬೀಳ್ತಿದ್ದೆ, ಈಗೇನು ಬಂತು ನಿಂಗೆ ದೊಡ್ರೋಗ? ಇನ್ನೂ ಹಾಕಮ್ಮ ಹೊರೆ!"

ಡ್ರೈವರ್ ಹೊರಗೆ ಹೋಗಿ ಬೀಡಿ ಸೇದಿ ಬಂದ. ಮತ್ತೊಮ್ಮೆ ಹೋಗಿ ಬಂದ. ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಅತ್ತಲಿಂದ ಕೂಗು ಕೇಳಿಸಿತು.

"ಬಿತ್ತು! ಅಕ್ಕಾ, ಬಿತ್ತು! ಈ ಸಲ ಎರಡನೇ ಗೂಡು. ಆ ಚಿಪ್ಪು ಹೋದ ಕಡೆಗೇ ತಪ್ಪೂ ಹೋಗಿದೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸರಿಯಮ್ಮ. ಅವರ ಕೈ ತಪ್ಪಲ್ಲ."

"ನನಗ್ಯಾಕೆ ಹೇಳ್ತೀರಿ? ನನಗೆ ಗೊತ್ತಿತ್ತು." ಹೆಂಡತಿ ಎದ್ದು ಗಂಡನ ತಲೆಯ ಬಳಿ ಜಾಗ ಬಿಟ್ಟರು.

ಸಾಹೇಬರು ಸುತ್ತಲೂ ನೋಡಿದರು. ಯಾರೂ ನೆರವಿಗೆ ಬರಲಿಲ್ಲ. ಮಂಡಿಯೂರಿ, ಸರ್ವರ್ ಕೋಣೆಯ ಫ್ಯಾನುಗಳ ಮೊರೆತದ ನಡುವೆ ಮಾತಾಡಿ ರೂಢಿಯಾದವರ ಹಾಗೆ, ಬಾಯಿಗೆ ಅಂಗೈ ಅಡ್ಡ ಹಿಡಿದು, ಆ ತಣ್ಣಗಿನ ಕಿವಿಯ ಹತ್ತಿರಕ್ಕೆ ಬಾಗಿದರು.