ಕಾರ್ಡಿನ ಮೇಲಿನ ದೊಡ್ಡ ಅಂಕಿ

ಅವಳು ಹೆಣೆಯುತ್ತಿದ್ದ ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಒಳಕೋಣೆಯಿಂದ ಚಪ್ಪಾಳೆ ಕೇಳಿಸಿತು. ಗಂಟಲಿಗೆ ಶ್ರಮ ಕೊಡಬಾರದೆಂದು ಡಾಕ್ಟರು ಹೇಳಿದ ಮೇಲೆ ಅವಳ ಗಂಡ ಮನೆಯವರನ್ನು ಕರೆಯುತ್ತಿದ್ದುದೇ ಹೀಗೆ.

"ಗಟ್ಟಿಯಾಗಿ ಹಿಡ್ಕೊ, ಬಿಚ್ಚಿಹೋದ್ರೆ ಮತ್ತೆ ಮೊದಲಿಂದ" ಎಂದು ಜಡೆಯ ತುದಿಯನ್ನು ಮಗಳ ಕೈಗೇ ಕೊಟ್ಟು ಓಡಿದಳು.

ಅವನು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು ಕೂತಿದ್ದ. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಅದರ ಪರದೆಯ ಮೇಲೆ ಕೆಂಪಕ್ಷರ: ಮೆಮೊರಿ ಕಾರ್ಡು ನಿಧಾನವಾಗಿದೆ, ರೆಕಾರ್ಡಿಂಗ್ ನಿಂತಿದೆ.

"ಮತ್ತೆ ನಿಂತ್ಹೋಯ್ತಾ?"

"ಮತ್ತೆ" ಎಂದ. ಆ ಒಂದು ಮಾತೂ ಒಡೆದ ಕೊಳವೆಯಲ್ಲಿ ಗಾಳಿ ನುಗ್ಗಿದ ಹಾಗೆ ಬಂತು.

ಮರುದಿನ ಅವನು ಆಸ್ಪತ್ರೆಗೆ ಸೇರಬೇಕಿತ್ತು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಮಗಳಿಗೆ ಇಬ್ಬರೂ ಸೇರಿ ಹೇಳಿದ್ದು ಬೇರೆ: ಅಪ್ಪನ ಗಂಟಲು ಕೆಟ್ಟಿದೆ, ಡಾಕ್ಟರು ಸರಿಮಾಡುತ್ತಾರೆ.

ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುವುದು ಅವನ ಕಸುಬು. ಕ್ಯಾಮೆರಾ ಹಿಡಿದವನ ದನಿ ಎಲ್ಲಿಯೂ ಕೇಳಿಸಬಾರದೆಂಬುದು ಆ ಕಸುಬಿನ ಶಿಸ್ತು. ಮಗಳು ಮೊದಲು ಹೆಜ್ಜೆಯಿಟ್ಟಾಗ, ಮೊದಲು ಸೈಕಲ್ ಹತ್ತಿದಾಗ ಅವನು ಕ್ಯಾಮೆರಾದ ಹಿಂದೆ ನಿಂತು ಕೂಗಿದ್ದೇ ಕೂಗಿದ್ದು. ಆಮೇಲೆ ಕೂತು, ಆ ಕೂಗನ್ನೆಲ್ಲ ನಾಜೂಕಾಗಿ ಕತ್ತರಿಸಿ ತೆಗೆದು, ಅದರ ಜಾಗಕ್ಕೆ ಸಂಗೀತ ಹಾಕಿದ್ದ. ಈಗ ಮನೆಯಲ್ಲಿ ಹುಡುಕಿದರೆ ಅವನ ದನಿಯ ಒಂದು ಚೂರೂ ಇಲ್ಲ. ಹಿಂದಿನ ದಿನ ಮಗಳಿಗಾಗಿ ಅದನ್ನು ಫೋನಿನಲ್ಲಿ ಹಿಡಿದು ನೋಡಿದ್ದರು. ಅವನ ಮಾತಿಗಿಂತ ಫ್ಯಾನಿನ ಸದ್ದೇ ಜೋರಾಗಿ ಬಂದಿತ್ತು. ಕಾಲರಿನ ಮೈಕು ಹೊಂದುವುದು ಈ ಕ್ಯಾಮೆರಾಕ್ಕೆ ಮಾತ್ರ. ಒಳ್ಳೆಯ ಕಾರ್ಡುಗಳನ್ನೆಲ್ಲ ಅವನ ತಮ್ಮ ಬೇರೆ ಊರಿನ ಮದುವೆಗೆ ಒಯ್ದಿದ್ದ. ಉಳಿದದ್ದು ಈ ಮುದಿ ಕಾರ್ಡು. ಚಿತ್ರದ ಗುಣಮಟ್ಟ ಇಳಿಸಿದರೂ ಅದು ಜಗ್ಗಲಿಲ್ಲ.

"ಹೊಸದು ತರ್ತೀನಿ ಇರಿ" ಎಂದು ಅವಳು ಚೀಲ ಎತ್ತಿಕೊಂಡಳು.

"ದೊಡ್ಡ ಅಂಕಿ ನೋಡಿ..." ಎಂದು ಅವನು ಶುರುಮಾಡಿದ.

"ಶ್! ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸ್ವಲ್ಪ. ಇರೋ ನಾಲ್ಕು ಮಾತನ್ನ ನನ್ನ ಮೇಲೆ ಯಾಕ್ರೀ ಖರ್ಚು ಮಾಡ್ತೀರಾ? ಇಷ್ಟು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ಒಂದು ಕಾರ್ಡು ಆರಿಸೋಕೆ ಬರಲ್ವಾ?"

ಅವನು ಕೈಯೆತ್ತಿ ಏನೋ ಸನ್ನೆ ಮಾಡಿದ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಗಂಡನ ಪರಿಚಯದ ಅಂಗಡಿಯವನು ಗಾಜಿನ ಮೇಲೆ ಉಗುರಿನಷ್ಟಗಲದ ಕಾರ್ಡುಗಳನ್ನು ಸಾಲಾಗಿ ಹರಡಿದ.

"ಫೋಟೋಕ್ಕೋ ವಿಡಿಯೋಕ್ಕೋ ಅಕ್ಕ?"

"ವಿಡಿಯೋಗೆ. ಎಲ್ಲಕ್ಕಿಂತ ಜೋರಾಗಿ ಓಡೋದು ಕೊಡಿ."

"ಜೋರು ಅಂದ್ರೆ ಅದರಲ್ಲೂ ಎರಡಿದೆ ನೋಡಿ. ಕಾರ್ಡಿಂದ ಹೊರಗೆ ತೆಗಿಯೋ ಜೋರು ಬೇರೆ, ಒಳಗೆ ತುಂಬೋ ಜೋರು ಬೇರೆ. ಅಣ್ಣ ಏನು ಹೇಳಿ ಕಳಿಸಿದ್ರು?"

ಅಣ್ಣ ಹೇಳಲು ಹೊರಟದ್ದನ್ನು ತಾನೇ ತಡೆದು ಬಂದಿದ್ದಳು. "ದೊಡ್ಡ ಅಂಕಿ ನೋಡು ಅಂದ್ರು" ಎಂದಳು.

"ಒಂದು ಫೋನ್ ಮಾಡಿ ಕೇಳಿಬಿಡಿ."

ಫೋನು ಮಾಡಿದರೆ ಅವನು ಮಾತಾಡಬೇಕು. ಮೆಸೇಜು ಕಳಿಸಿದರೂ ತಿರುಗಿ ಫೋನು ಮಾಡುವ ಜಾತಿ ಅವನದು. ಬೇಡವೆಂದು ತಲೆಯಾಡಿಸಿ ಕಾರ್ಡುಗಳನ್ನು ನೋಡಿದಳು. ಒಂದರ ಮೇಲೆ ಅಂಕಿ ಕಣ್ಣಿಗೆ ರಾಚುವಷ್ಟು ದೊಡ್ಡದಾಗಿತ್ತು. ಅದರ ಪಕ್ಕದ ಸಪ್ಪೆ ಕಾರ್ಡನ್ನು ಅಂಗಡಿಯವನು ಮುಂದಕ್ಕೆ ತಳ್ಳಿದ.

"ವಿಡಿಯೋಗೆ ಇದು ವಾಸಿ ಅನ್ಸುತ್ತೆ."

"ಕುದುರೆ ಕೊಳ್ಳೋಕೆ ಬಂದವಳ ಕೈಗೆ ಕತ್ತೆ ಕೊಡ್ತೀರಲ್ಲ!"

ಅವನು ನಕ್ಕು ಕುದುರೆಯನ್ನೇ ಕಟ್ಟಿಕೊಟ್ಟ.

ಅವಳು ಮನೆಗೆ ಬರುವಷ್ಟರಲ್ಲಿ ಗಂಡ ಚಿತ್ರದ ಗುಣಮಟ್ಟವನ್ನು ಮೊದಲಿನಷ್ಟಕ್ಕೇ ಏರಿಸಿಟ್ಟು ಕಾಯುತ್ತಿದ್ದ. ಮುಖ ಚೆನ್ನಾಗಿ ಬರಲೆಂಬ ಆಸೆ. ಏಳಲು ಹೋದವನನ್ನು ಅವಳೇ ತಡೆದಳು. "ಮೈಕಿನ ತಂತಿ ಎಳೀಬೇಡಿ, ನಾನೇ ಹಾಕ್ತೀನಿ." ಕಾರ್ಡು ಟಕ್ಕೆಂದು ಒಳಗೆ ಕೂತಿತು. ಬರೀ ಗಾಜಿಗೆ ಮಾತಾಡಲು ಬಾರದೆಂದು ಅವನು ಮಗಳನ್ನು ಕ್ಯಾಮೆರಾದ ಪಕ್ಕ ಸ್ಟೂಲಿನ ಮೇಲೆ ಕೂರಿಸಿಕೊಂಡ.

"ಮೈಕು ಸರಿಯಾಗಿದೆಯೇನೆ?" ಎಂದು ರೆಕಾರ್ಡಿಂಗ್ ಗುಂಡಿ ಒತ್ತಿದ ಹೆಂಡತಿಯನ್ನು ಕೇಳಿ, ಕೆಮ್ಮಿ, ಶುರುಮಾಡಿದ.

"ಚಿನಕುರಳಿ, ಕೇಳಿಲ್ಲಿ. ನಿನಗೆ ಆ ಹೆಸರಿಟ್ಟಿದ್ದು ನಾನು. ಹುಟ್ಟಿದಾಗ ಅಳ್ಲಿಲ್ಲ ನೀನು, ಯಾರನ್ನೋ ಬೈದೆ."

ಮಗಳು ಕಿಸಕ್ಕೆಂದಳು. ಅವನಿಗೆ ಹುಮ್ಮಸ್ಸು ಬಂತು. ಸೈಕಲ್ಲಿಂದ ಬಿದ್ದವಳು ರಸ್ತೆಗೇ ಒದ್ದ ಕತೆ ಹೇಳಿದ. ಜಗಳವಾದರೂ ಊಟ ಬಿಡಬೇಡ ಎಂದ. ನಿಮ್ಮಮ್ಮ ಗೊರಕೆ ಹೊಡೆಯಲ್ಲ ಅಂತಾಳೆ, ನಂಬಬೇಡ ಎಂದ. ಬೀದಿಯ ಕೊನೆಯಿಂದ ಮಗಳನ್ನು ಕರೆಯುವ ಹಾಗೆ ರಾಗವೆಳೆದು ಒಂದು ಸಲ ಕರೆದ. ಅಲ್ಲಿಗೆ ದನಿ ನೂಲಿನಂತೆ ಸಣ್ಣಗಾಗಿ, ಕಡಿದು, ಬರೀ ಗಾಳಿಯಾಯಿತು. ಹೆಂಡತಿ ಅಷ್ಟು ಹೊತ್ತೂ ನೋಡಿದ್ದು ಅವನ ಮುಖವನ್ನು.

ಮುಗಿಯಿತೆಂದು ಅವನು ಕೈಯಾಡಿಸಿದ ಮೇಲೆ ಪರದೆ ನೋಡಿದಳು. ಅದೇ ಕೆಂಪಕ್ಷರ.

ರೆಕಾರ್ಡಾದದ್ದನ್ನು ಮೊದಲಿನಿಂದ ನೋಡಲು ಗುಂಡಿ ಒತ್ತಿದಳು. ಇಸ್ತ್ರಿ ಅಂಗಿಯ ಗಂಡ ಕಾಲರು ಮುಟ್ಟಿಕೊಂಡು, "ಮೈಕು ಸರಿಯಾಗಿದೆಯೇನೆ?" ಎಂದ. ಕೆಮ್ಮಿದ. ಚಿತ್ರ ನಿಂತಿತು. ಇನ್ನೊಮ್ಮೆ ಒತ್ತಿದಳು. ಮೈಕು ಸರಿಯಾಗಿದೆಯೇನೆ?

ಅವನು ಬಂದು ಕಾರ್ಡು ಹೊರತೆಗೆದ. ದೊಡ್ಡ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮೂಲೆಯಲ್ಲಿ ಸಾಸಿವೆಯಷ್ಟಿದ್ದ ಇನ್ನೊಂದು ಅಂಕಿಯನ್ನು ಉಗುರಿನಿಂದ ತೋರಿಸಿದ. ಒಳಗೆ ತುಂಬುವ ವೇಗ ಅದು. ಬೈಯಲಿಲ್ಲ. ಬೈಯಲು ಅವನಲ್ಲಿ ದನಿಯೂ ಇರಲಿಲ್ಲ.

"ಈಗ್ಲೇ ಬದಲಾಯಿಸ್ಕೊಂಡು ಬರ್ತೀನಿ ರೀ. ಆ ಸಪ್ಪೆ ಕಾರ್ಡೇ ತರ್ತೀನಿ. ಸಂಜೆ ಒಂದೇ ಒಂದು ಮಾತು..."

ಅವನು ಬಾಯಿ ತೆರೆದು ತೋರಿಸಿದ. ಉಸಿರು ಬಂತು, ಮಾತು ಬರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಬೇಡವೆಂದು ಕತ್ತು ಆಡಿಸಿದ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಮಗಳು ಸ್ಟೂಲಿನಿಂದ ಇಳಿದಳು.

"ಅಷ್ಟಕ್ಕೆ ಯಾಕಮ್ಮ ಅಳ್ತೀಯಾ? ಡಾಕ್ಟರು ಸರಿಮಾಡಿದ್ಮೇಲೆ ಇನ್ನೊಂದ್ಸಲ ಹೇಳಿಸಿದ್ರಾಯ್ತಪ್ಪ."

ಅವಳು ಅಪ್ಪನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ. ಅಮ್ಮನ ಮುಖ ನೋಡಿದಳು. ಸೆರಗು ಅಡ್ಡವಿತ್ತು. ಹತ್ತಿರ ಬಂದು ಆ ಸೆರಗನ್ನು ಜಗ್ಗಿದಳು.

"ಅಮ್ಮಾ... ಅಪ್ಪ ಆಮೇಲೆ ಮಾತಾಡ್ತಾರೆ ತಾನೇ?"